ನಿಂಗಣ್ಣ ಹಾಕಿದ ಎಣ್ಣೆ

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಅಟ್ಟ ಗುಡಿಸುವ ಸಮಾರಂಭ ನಡೆಯುತ್ತದೆ. ಆವತ್ತು ಒಂದು ತಗಡಿನ ಆಲಿಕೆಯ ವಿಷಯವಾಗಿ ನನಗೂ ನನ್ನ ಹೆಂಡತಿಗೂ ತಪ್ಪದೆ ಜಗಳವಾಗುತ್ತದೆ. ಏಣಿಯ ಕೆಳಗೆ ನಿಂತು ಅವಳು, "ಇದನ್ನ ಗುಜರಿಗೆ ಹಾಕ್ಲಾ?" ಎನ್ನುತ್ತಾಳೆ. ಏಣಿಯ ಮೇಲಿಂದ ನಾನು, "ಇರ್ಲಿ ಬಿಡೆ, ಅದೇನು ಅನ್ನ ಕೇಳುತ್ತಾ?" ಎನ್ನುತ್ತೇನೆ. "ಅನ್ನ ಕೇಳಲ್ಲ, ನಾತ ಹೊಡೆಯುತ್ತೆ," ಎನ್ನುತ್ತಾಳೆ ಅವಳು. ಅದು ನಿಜವೇ. ಹುಣಸೆಹಣ್ಣು, ಬೂದಿ, ಸೋಪಿನ ಪುಡಿ, ಎಲ್ಲದರಲ್ಲೂ ತಿಕ್ಕಿ ನೋಡಿದ್ದಾಯಿತು. ಆ ಆಲಿಕೆಯಿಂದ ಡೀಸೆಲ್ ವಾಸನೆ ಹೋಗಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಅವರ ಎಂಜಿನ್ನು ಗುಜರಿ ಸೇರಿ ಅದಕ್ಕಿಂತ ಹೆಚ್ಚು ವರ್ಷವಾಯಿತು, ವಾಸನೆ ಮಾತ್ರ ಇದೆ. ಹೆಂಡತಿ ಆ ಕಡೆ ತಿರುಗಿದಾಗ ಒಮ್ಮೆ ಮೂಗಿಗೆ ಹಿಡಿದು, ಆಲಿಕೆಯನ್ನು ಮತ್ತೆ ಅಟ್ಟಕ್ಕೆ ತಳ್ಳಿ, ನಾನು ಇಳಿಯುತ್ತೇನೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿ ನಮ್ಮದು. ಶಿಂಷಾ ಹೊಳೆಯ ದಡದಲ್ಲಿ ನಮಗೊಂದು ತುಂಡು ಜಮೀನಿತ್ತು, ಹೊಳೆಯಿಂದ ನೀರೆತ್ತಲು ಒಂದು ಡೀಸೆಲ್ ಎಂಜಿನ್ನಿತ್ತು. ನಮ್ಮ ಕಡೆ ಡೀಸೆಲ್ಲಿಗೆ ಎಣ್ಣೆ ಎಂದೇ ಹೆಸರು. ಅಪ್ಪ ಎಣ್ಣೆ ಹುಯ್ಯುವಾಗ ಆಲಿಕೆ ಹಿಡಿದುಕೊಳ್ಳುವ ಉದ್ಯೋಗ ನನ್ನದು. "ಅಲ್ಲಾಡುಸ್ಬ್ಯಾಡ ಕಣ್ಲಾ. ಒಂದ್ ತೊಟ್ಟು ಚೆಲ್ಲುದ್ರೆ ನಿನ್ ಚಡ್ಡಿ ಇಂಡಿ ಆಕ್ತೀನಿ ಇದ್ರೊಳಿಕ್ಕೆ," ಎನ್ನುತ್ತಿದ್ದರು. ನನ್ನ ಚಡ್ಡಿಯನ್ನು ಹಿಂಡಿದ್ದರೆ ಎಂಜಿನ್ನು ಅರ್ಧ ಗಂಟೆಯಾದರೂ ಓಡುತ್ತಿತ್ತು, ಅನುಮಾನವಿಲ್ಲ.

ಪೀಪಾಯಿಯಿಂದ ಡಬ್ಬಕ್ಕೆ ಎಣ್ಣೆ ಇಳಿಸುವುದು ಇನ್ನೊಂದು ವಿದ್ಯೆ. ರಬ್ಬರ್ ಪೈಪಿನ ತುದಿಯನ್ನು ಬಾಯಲ್ಲಿಟ್ಟು ಎಳೆಯಬೇಕು; ಎಣ್ಣೆ ನಾಲಗೆಗೆ ಬರುವ ಒಂದು ಗಳಿಗೆ ಮುಂಚೆ ಪೈಪು ಕೆಳಗಿಳಿಸಬೇಕು. ಅಪ್ಪ ಅದನ್ನು ಬೀಡಿ ಸೇದಿದಷ್ಟು ಸಲೀಸಾಗಿ ಮಾಡುತ್ತಿದ್ದರು. ನಾನೂ ದೊಡ್ಡವನಾದೆ ಎಂದು ತೋರಿಸಲು ಹೋಗಿ ಒಂದು ದಿನ ಮುಕ್ಕಾಲು ಗುಟುಕು ನುಂಗಿಬಿಟ್ಟೆ. ಅವ್ವ ಬೆಲ್ಲ ತಿನ್ನಿಸಿದಳು, ಮಜ್ಜಿಗೆ ಕುಡಿಸಿದಳು, ಮಧ್ಯೆ ಮಧ್ಯೆ ಅಪ್ಪನಿಗೆ ಸರಿಯಾಗಿ ಮಂಗಳಾರತಿ ಎತ್ತಿದಳು. ತೇಗು ಬಂದಾಗಲೆಲ್ಲ ಎಂಜಿನ್ ಮನೆಯ ವಾಸನೆ. ಶಾಲೆಯಲ್ಲಿ ಪಕ್ಕದವನು ಎದ್ದು ನಿಂತು, "ಸಾ, ಇವ್ನು ಡೀಸೆಲ್ ಬುಡ್ತಾವ್ನೆ ಸಾ," ಎಂದು ದೂರು ಕೊಟ್ಟ. ಮೇಷ್ಟ್ರು ನನ್ನನ್ನು ಕಿಟಕಿ ಪಕ್ಕಕ್ಕೆ ಕೂರಿಸಿದರು.

ಪೆಟ್ರೋಲು ಹಾಗಲ್ಲ. ಅದು ಇಸ್ತ್ರಿ ಬಟ್ಟೆಯವರ ವಾಸನೆ. ಮಳವಳ್ಳಿಯಿಂದ ಬರುತ್ತಿದ್ದ ಡಾಕ್ಟರ ಸ್ಕೂಟರಿನ ಹಿಂದೆ ನಾವು ಹುಡುಗರು ಓಡುತ್ತಿದ್ದದ್ದು ಆ ವಾಸನೆಗಾಗಿ. ತೆಳ್ಳಗೆ, ಸಿಹಿಯಾಗಿ, ಹಿಡಿಯುವಷ್ಟರಲ್ಲಿ ಹಾರಿಹೋಗುತ್ತಿತ್ತು. ನಮ್ಮ ಡೀಸೆಲ್ಲೋ, ಒಮ್ಮೆ ಬಂದರೆ ಸಂತೆಗೆ ಬಂದ ನೆಂಟರ ಹಾಗೆ, ಹೊರಡುವ ಮಾತೇ ಇಲ್ಲ.

ಮುಂದೆ ನಾನು ಮಳವಳ್ಳಿಯಲ್ಲಿ ಗಣಿತದ ಮೇಷ್ಟ್ರಾಗಿ, ಸ್ವಂತ ಸ್ಕೂಟರಿನ ಒಡೆಯನೂ ಆದೆ. ಹಿಡಿದ ಕೂಡಲೇ ಹಾರಿಹೋಗುವ ಪದಾರ್ಥ ಈಗ ನನ್ನ ದುಡ್ಡಿನಲ್ಲಿ ಹಾರಿಹೋಗತೊಡಗಿತು. ಇಳಿಜಾರು ಬಂದರೆ ಎಂಜಿನ್ ಆರಿಸುವವನು ನಾನು. ಬಂಕಿನಲ್ಲಿ ಹುಡುಗ ಪೈಪು ತೆಗೆಯಲು ಹೋದರೆ, "ತಾಳಪ್ಪ, ಅದರೊಳಗೆ ಇನ್ನೂ ಇದೆ," ಎಂದು ಜಾಡಿಸಿಕೊಳ್ಳುವವನೂ ನಾನೇ. ಹೊಸದಾಗಿ ಮದುವೆಯಾದಾಗ ಹೆಂಡತಿಯನ್ನು ಬಸರಾಳಿನ ಗುಡಿ ನೋಡಲು ಕರೆದುಕೊಂಡು ಹೋಗಿದ್ದೆ. ಅವಳು ಕಲ್ಲಿನ ಕುಸುರಿ ಕೆಲಸ ನೋಡುತ್ತ ಮೈಮರೆತು ನಿಂತಿದ್ದಾಗ, ಹಿಂದೆ ಕೂತವರ ತೂಕಕ್ಕೆ ಲೀಟರಿಗೆ ಎಷ್ಟು ಓಟ ಕಡಿಮೆಯಾಗುತ್ತದೆ ಎಂದು ಗಟ್ಟಿಯಾಗಿ ಲೆಕ್ಕ ಹಾಕಿದೆನಂತೆ. ವಾಪಸು ಬರುವಾಗ ಅವಳು ಬಸ್ಸು ಹತ್ತಿದಳು. ಆ ಬಸ್ಸಿನ ಹಿಂದೆಯೇ ಮಂಡ್ಯದವರೆಗೂ ಒಬ್ಬನೇ ಸ್ಕೂಟರ್ ಓಡಿಸಿಕೊಂಡು ಬಂದೆ. ಒಬ್ಬನೇ ಇದ್ದುದರಿಂದ ಓಟ ಚೆನ್ನಾಗಿಯೇ ಬಂತು.

ಇಂಥ ಕೀರ್ತಿವಂತನಾದ್ದರಿಂದಲೇ ನನ್ನ ತಂಗಿ ಭಾಗ್ಯ, ಗಾಡಿ ಕೊಳ್ಳುವ ಯೋಚನೆ ಬಂದಾಗ ನನಗೆ ಫೋನ್ ಮಾಡಿದ್ದು. "ಅಣ್ಣ, ಒಂದ್ ಪುಟ್ಟ ಪಿಕಪ್ಪು ತಕ್ಕಬೇಕು. ಡೀಸೆಲ್ಲೋ ಪೆಟ್ರೋಲೋ ನೀನೇ ಲೆಕ್ಕ ಆಕಿ ಏಳ್ಬುಡು. ಒಸಿ ಬಂದೋಗು."

ಭಾಗ್ಯಳನ್ನು ಗೆಜ್ಜಲಗೆರೆಗೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಗಂಡನಿಗೆ, ಅಂದರೆ ನಮ್ಮ ಭಾವನಿಗೆ, ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ. ಅವನ ಬುತ್ತಿಯ ಮುದ್ದೆ, ಉಪ್ಪುಸಾರು ನೋಡಿ ಜೊತೆಯವರು, "ನಮಗೂ ತಂದ್ಕೊಡ್ಸಿ," ಎಂದರು. ಒಬ್ಬರದು ಹತ್ತಾಗಿ, ಹತ್ತು ಒಂದು ಊಟದ ಸಾಲೇ ಆಯಿತು. ಈಗ ಭಾಗ್ಯ ದಿನಾ ಬೆಳಗ್ಗೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಮುದ್ದೆ ತಿರುವಿ, ಸಾರು ಮಾಡಿ, ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಕಾರ್ಖಾನೆ ಗೇಟಿನ ಮರದಡಿ ನಿಂತಿರುತ್ತಾಳೆ. ಊಟದ ಬಿಡುವು ಅರ್ಧ ಗಂಟೆ. ತಡವಾದರೆ ಅಷ್ಟೂ ಜನ ಹಸಿದುಕೊಂಡು ಮಷಿನ್ನಿಗೆ ವಾಪಸು ಹೋಗಬೇಕು.

ಮೊದಲೆರಡು ವರ್ಷ ಅವಳು ಈ ಊಟ ಸಾಗಿಸಿದ್ದು ಪಕ್ಕದ ಮನೆಯ ನಿಂಗೇಗೌಡರ ಹಳೇ ಡೀಸೆಲ್ ಪಿಕಪ್ಪಿನಲ್ಲಿ. ನಿಂಗಣ್ಣ ಎಂದೇ ಎಲ್ಲರೂ ಕರೆಯುವುದು. ಬಂಡೂರು ಕುರಿಗಳನ್ನು ಸಂತೆಯಿಂದ ಸಂತೆಗೆ ಹೊತ್ತ ಗಾಡಿ ಅದು, ಎಷ್ಟು ತೊಳೆದರೂ ಕುರಿ ವಾಸನೆ ಬಿಡದು. ಎಪ್ಪತ್ತರ ಹತ್ತಿರದ ನಿಂಗಣ್ಣ ಸಂತೆ ಓಡಾಟ ನಿಲ್ಲಿಸಿದ್ದರು. ಅವರೇ ಭಾಗ್ಯಳನ್ನು ಕೂರಿಸಿಕೊಂಡು ಗಾಡಿ ಬಿಡುವುದನ್ನು ಕಲಿಸಿದರು. "ಕ್ಲಚ್ಚು ಒಂದೇ ಏಟ್ಗೆ ಬುಡಬ್ಯಾಡ ಕಣವ್ವ, ಕೂಸ್ನ ತೊಟ್ಲಿಗೆ ಆಕ್ದಂಗೆ ಬುಡು," ಎಂದು ಅವರು ಕೂಗುವುದು ಇಡೀ ಬೀದಿಗೆ ಕೇಳುತ್ತಿತ್ತು. ಸ್ವತಃ ಅವರಿಗೆ ಕಿವಿ ಮಂದ; ಆಯುಷ್ಯವೆಲ್ಲ ಡೀಸೆಲ್ ಎಂಜಿನ್ನಿನ ಪಕ್ಕ ಕಳೆದವರು.

ನಮ್ಮ ಕಡೆ ಗಾಡಿ ಕೊಟ್ಟು ತೆಗೆದುಕೊಳ್ಳುವುದಕ್ಕೆ ಒಂದು ಪದ್ಧತಿಯಿದೆ. ನೆರೆಯವರು ಕೇಳಿದರೆ ಕೊಡಬೇಕು, ಬಾಡಿಗೆಯ ಮಾತೆತ್ತಬಾರದು. ತೆಗೆದುಕೊಂಡು ಹೋದವರು ಓಡಿಸಿದಷ್ಟಕ್ಕೆ ಎಣ್ಣೆ ಹಾಕಿ ತಂದು ನಿಲ್ಲಿಸಬೇಕು. ಆದರೆ ಹಾಕಿದೆ ಎಂದು ಬಾಯಿಬಿಟ್ಟು ಹೇಳಕೂಡದು. ಹೇಳಿದರೆ, ತಗೋ ನಿನ್ನ ಬಾಡಿಗೆ ಎಂದು ಮುಖಕ್ಕೆ ಎಸೆದ ಹಾಗಾಗುತ್ತದೆ. ಕೊಟ್ಟವರೂ ಕೇಳಕೂಡದು, ಎಣ್ಣೆಯ ಮುಳ್ಳು ಎಲ್ಲಿದೆ ಎಂದು ಬಗ್ಗಿ ನೋಡಲೂ ಕೂಡದು. ಭಾಗ್ಯ ಎರಡು ವರ್ಷವೂ ಹಾಗೇ ಮಾಡಿದಳು. ಸಂಜೆ ಡಬ್ಬದಲ್ಲಿ ಎಣ್ಣೆ ತಂದು, ನಿಂಗಣ್ಣ ಒಳಗಿದ್ದಾಗ ಹುಯ್ದು, ಏನೂ ಆಗಿಲ್ಲವೆಂಬಂತೆ ಮನೆಗೆ ಹೋಗುತ್ತಿದ್ದಳು. ನಿಂಗಣ್ಣನೂ ಏನೂ ಕಾಣದವರಂತೆ ಇರುತ್ತಿದ್ದರು.

ಕೊನೆಗೆ ಆ ಗಾಡಿಗೆ ವಯಸ್ಸಾಗಿ, ಪರವಾನಗಿ ಮುಗಿದು, ಗುಜರಿಯವನು ಬಂದು ಎಳೆದುಕೊಂಡು ಹೋದ. ಭಾಗ್ಯ ಸ್ವಂತ ಗಾಡಿಗೆ ಮನಸ್ಸು ಮಾಡಿದ್ದು ಆಗ.

ನಾನು ಹೋದೆ. ಜಗಲಿಯ ಮೇಲೆ ಕೂತು, ಒಂದು ಮದುವೆ ಕಾಗದದ ಬೆನ್ನ ಮೇಲೆ ಲೆಕ್ಕ ಹಾಕಿದೆ. ಡೀಸೆಲ್ ಗಾಡಿ ಲೀಟರಿಗೆ ಹೆಚ್ಚು ಓಡುತ್ತದೆ, ಎಣ್ಣೆಯ ಬೆಲೆಯೂ ಸ್ವಲ್ಪ ಕಡಿಮೆ, ಸರಿ. ಆದರೆ ಗಾಡಿಯ ಬೆಲೆಯೇ ಜಾಸ್ತಿ, ರಿಪೇರಿಯೂ ಜಾಸ್ತಿ. ದಿನವಿಡೀ ಓಡಿಸುವವರಿಗೆ ಆ ಹೆಚ್ಚಿನ ದುಡ್ಡು ವಾಪಸು ಬರುತ್ತದೆ. ಊರಿಂದ ಕಾರ್ಖಾನೆ, ಕಾರ್ಖಾನೆಯಿಂದ ಊರು ಎನ್ನುವವರಿಗೆ ಬರುವುದಿಲ್ಲ. ಮೇಲಾಗಿ ಈಗಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯೊಳಗೆ ಮಸಿ ಹಿಡಿಯುವ ಜಾಲರಿಯಿರುತ್ತದೆ. ದೂರ ಓಡಿಸಿದರೆ ಕಾದು ಮಸಿ ತಾನೇ ಸುಟ್ಟುಹೋಗುತ್ತದೆ. ಹತ್ತಿರ ಹತ್ತಿರವೇ ಓಡಿಸಿದರೆ ಕಟ್ಟಿಕೊಂಡು ಕೂರುತ್ತದೆ. ಆದ್ದರಿಂದ ಪೆಟ್ರೋಲು. ಕೆಳಗೆ ಎರಡು ಗೆರೆ ಎಳೆದೆ. ನಿವೃತ್ತನಾದ ಮೇಲೆ ಅಷ್ಟು ಸಂತೋಷದಿಂದ ಗೆರೆ ಎಳೆದದ್ದು ಅದೇ ಮೊದಲು.

ಅಷ್ಟರಲ್ಲಿ ನಿಂಗಣ್ಣ ಬಂದು ಜಗಲಿಯ ಅಂಚಿಗೆ ಕೂತರು. "ಮೇಷ್ಟ್ರೆ, ಅದೇನ್ ಅಷ್ಟೊಂದ್ ಬರೀತಿದ್ದೀರಿ? ಪಿಕಪ್ಪು ಅಂದ್ರೆ ಡೀಸೆಲ್ಲು. ಪೆಟ್ರೋಲ್ ಗಾಡಿ ಏನಿದ್ರೂವೆ ಮದ್ವೆ ಗಂಡ್ಗೆ. ಏನವ್ವ ಭಾಗ್ಯ?"

"ಊಂ ಕಣಣ್ಣ," ಎಂದಳು ಭಾಗ್ಯ.

ಅವರು ಎದ್ದು ಹೋದ ಮೇಲೆ ನಾನು ಜಾಲರಿಯ ಕತೆಯನ್ನು ಮತ್ತೊಮ್ಮೆ ವಿವರಿಸಿ, "ಪೆಟ್ರೋಲೇ ತಾನೆ?" ಎಂದೆ.

"ಊಂ ಕಣಣ್ಣ," ಎಂದಳು ನನಗೂ.

ಹಿರಿಯರ ಮಾತಿಗೆ ಎದುರಾಡಬಾರದು, ಊಂ ಎಂದು ಆಮೇಲೆ ತನಗೆ ತೋಚಿದ್ದು ಮಾಡಬೇಕು. ಇದೂ ನಮ್ಮ ಕಡೆಯ ಪದ್ಧತಿಯೇ. ಒಟ್ಟಿನಲ್ಲಿ ಗೆದ್ದವನು ನಾನು ಎಂದು ನಾನೂ, ಗೆದ್ದವರು ತಾವು ಎಂದು ನಿಂಗಣ್ಣನೂ ತಿಳಿದುಕೊಂಡೆವು. ಭಾಗ್ಯ ಪೆಟ್ರೋಲ್ ಗಾಡಿ ತಂದಳು. ಅದು ಯಾವುದರಲ್ಲಿ ಓಡುತ್ತದೆ ಎಂದು ಅವಳು ಹೇಳಲಿಲ್ಲ, ಡೀಸೆಲ್ಲೇ ಎಂದುಕೊಂಡಿದ್ದ ನಿಂಗಣ್ಣ ಕೇಳಲಿಲ್ಲ. ಎಣ್ಣೆ ಮುಚ್ಚಳದ ಒಳಗೆ ಕಂಪನಿಯವರು ಅಂಟಿಸಿದ್ದ ಚೀಟಿಯೇನೋ ಇತ್ತು. ಆದರೆ ಪೂಜೆಯ ದಿನ ಭಾಗ್ಯ ಗಾಡಿಯ ಬಾಗಿಲು, ಚಕ್ರ, ಮುಚ್ಚಳ ಯಾವುದನ್ನೂ ಬಿಡದೆ ಅರಿಶಿನ ಮೆತ್ತಿ ಕುಂಕುಮ ಇಟ್ಟಿದ್ದಳು. ಚೀಟಿಯ ಮೇಲಿನ ಅಕ್ಷರ ಅರಿಶಿನದಡಿ ತಣ್ಣಗೆ ಮಲಗಿತ್ತು.

ನಿಂಗಣ್ಣನ ಹೆಂಡತಿ ಪುಟ್ಟತಾಯಮ್ಮನ ವಿಷಯ ಹೇಳಬೇಕು. ಅವರಿಗೆ ಕಿಡ್ನಿ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಎರಡು ಸಲ ಮಂಡ್ಯದ ಆಸ್ಪತ್ರೆಗೆ ಹೋಗಿ, ಮಧ್ಯಾಹ್ನವೆಲ್ಲ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ವಾಪಸು ಬರುವಾಗ ಮೈಯಲ್ಲಿ ತ್ರಾಣವಿರುವುದಿಲ್ಲ. ಹಳೇ ಗಾಡಿ ಹೋದ ಮೇಲೆ ಒಂದೆರಡು ಸಲ ಬಸ್ಸಿನಲ್ಲಿ ಹೋಗಿ ಬಂದರು. ಒಂದು ಸಂಜೆ ಪುಟ್ಟತಾಯಮ್ಮ ಬಸ್ ನಿಲ್ದಾಣದಲ್ಲೇ ಕುಸಿದು ಕೂತರು. ಹೊಸ ಗಾಡಿ ಬಂದ ಮಾರನೆಯ ದಿನವೇ ಭಾಗ್ಯ ಬೀಗದ ಕೈಯನ್ನು ನಿಂಗಣ್ಣನ ಕೈಗೆ ಕೊಟ್ಟಳು. "ನಂದು ಮಧ್ಯಾನ್ಕೇ ಮುಗ್ದೋಯ್ತದೆ. ಆಮೇಕೆ ಗಾಡಿ ಸುಮ್ಕೆ ನಿಂತಿರ್ತದೆ. ಅಕ್ಕನ್ನ ಇದ್ರಲ್ಲೇ ಕರ್ಕಂಡೋಗಿ."

ನಿಂಗಣ್ಣ ಕರೆದುಕೊಂಡು ಹೋದರು. ಸಂಜೆ ಬಂದು ಹೆಂಡತಿಯನ್ನು ಮಲಗಿಸಿ, ತಮ್ಮ ಟಿಲ್ಲರಿಗೆಂದು ಇಟ್ಟಿದ್ದ ಡಬ್ಬ ತಂದು, ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು ಮಾಡಿದ ಆಲಿಕೆಯಿಟ್ಟು, ಓಡಿಸಿದ್ದಕ್ಕಿಂತ ಹೆಚ್ಚೇ ಎಣ್ಣೆ ಹುಯ್ದರು. ಪದ್ಧತಿಯಂತೆ ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ನಾನು ಅಲ್ಲೇ ಇದ್ದೆ, ನನ್ನ ಲೆಕ್ಕದ ಗಾಡಿ ಓಡುವುದನ್ನು ಕಣ್ಣಾರೆ ನೋಡಲು ಬಂದಿದ್ದೆ. ಮುದ್ದೆಯ ಕುಕ್ಕೆ, ಸಾರಿನ ಪಾತ್ರೆ, ಅನ್ನದ ದಬರಿ ಎಲ್ಲ ಹೇರಿ ಭಾಗ್ಯ ಕೀ ತಿರುಗಿಸಿದಳು. ಗಾಡಿ ಹೊರಟು, ಬೀದಿಯ ತಿರುವಿನಲ್ಲಿ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ನಿಂತುಬಿಟ್ಟಿತು. ಮತ್ತೆ ತಿರುಗಿಸಿದರೆ ಬರೀ ಕರಕರ. ಭಾಗ್ಯಳ ಮುಖ ಬೆವತುಹೋಯಿತು. "ಅಯ್ಯೋ ಅಣ್ಣ, ಗಂಟೆ ಒಡ್ದುಬುಡ್ತಾರೆ!"

ಮೊದಲು ಓಡಿ ಬಂದವರು ನಿಂಗಣ್ಣ. ಪಂಚೆ ಎತ್ತಿ ಕಟ್ಟಿ, ಗಾಡಿಯ ಬೆನ್ನಿಗೆ ಹೆಗಲು ಕೊಟ್ಟರು. "ಒಸ ಗಾಡಿ ಕಣವ್ವ, ಇನ್ನೂ ಪಳಗಿಲ್ಲ. ಕೂತ್ಕೊ, ತಳ್ತೀನಿ. ಎಣ್ಣೆ ಗಿಣ್ಣೆಗೇನ್ ಬರ ಇಲ್ಲ ಬುಡು, ಅದು ನಂಗೊತ್ತು." ಅವರು ತಳ್ಳಿದರು, ನಾನೂ ತಳ್ಳಿದೆ. ಗಾಡಿ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಎರಡು ಆಟೋ ಕರೆಸಿ ಊಟ ಏರಿಸಿದೆವು. ಸಾರಿನ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವ ಪಾಲು ನನಗೆ ಬಂತು. ಗೆಜ್ಜಲಗೆರೆ ಮುಟ್ಟುವಷ್ಟರಲ್ಲಿ ನನ್ನ ಪ್ಯಾಂಟು ಹುರುಳಿ ಸಾರಿನಲ್ಲಿ ನೆಂದು, ಗೇಟಿನಲ್ಲಿದ್ದ ಭಾವನಿಗೆ ನನ್ನ ಗುರುತೇ ಸಿಕ್ಕಲಿಲ್ಲ. ಗಂಟೆ ಹೊಡೆದಾಗಿತ್ತು, ಆದರೂ ಯಾರೂ ಹಸಿದುಕೊಂಡು ವಾಪಸು ಹೋಗಲಿಲ್ಲ.

ಮಧ್ಯಾಹ್ನ ಮದ್ದೂರಿನಿಂದ ಮೆಕ್ಯಾನಿಕ್ ಬಂದ. ಮುಚ್ಚಳ ತೆಗೆದು ಮೂಗಿಟ್ಟ. "ಯಾರ್ ಸ್ವಾಮಿ ಇದ್ಕೆ ಡೀಸೆಲ್ ಆಕ್ದೋರು?" ಎಂದ.

ನಾನು ಬಗ್ಗಿ ಮೂಗಿಟ್ಟೆ. ಅಟ್ಟದ ಆಲಿಕೆಯ ವಾಸನೆ. ತಲೆಯೆತ್ತಿದರೆ ಪಕ್ಕದ ಮನೆಯ ಗೋಡೆಯ ಮೇಲೆ ನಿಂಗಣ್ಣನ ಡಬ್ಬ ಬೋರಲು ಹಾಕಿತ್ತು, ಅದರ ಮೇಲೆ ಬಾಟಲಿಯ ಕತ್ತು. ಭಾಗ್ಯಳೂ ಅದನ್ನೇ ನೋಡುತ್ತಿದ್ದಳು. ಪುಣ್ಯಕ್ಕೆ ನಿಂಗಣ್ಣ ಗದ್ದೆಗೆ ಹೋಗಿದ್ದರು.

"ನಾನೇಯ," ಎಂದಳು ಭಾಗ್ಯ.

"ನೀವೇಯ?"

"ಊಂ. ನಿದ್ದೆಗಣ್ಣಲ್ಲಿ ಆಕ್ಬುಟ್ಟೆ. ನೀವ್ ತೊಳ್ದು ಸರಿ ಮಾಡಿ, ಊರ್ಗೆಲ್ಲ ಸಾರ್ಬ್ಯಾಡಿ."

ಅವನು ಟ್ಯಾಂಕು ಬರಿದು ಮಾಡಿ, ಒಳಗೆಲ್ಲ ತೊಳೆದು, ಸಂಜೆಗೆ ಗಾಡಿ ಎಬ್ಬಿಸಿಕೊಟ್ಟ. ಎಂಜಿನ್ನು ಉಳಿಯಿತು. ಆದರೆ ಮುಂದಿನದು? ನಾಲ್ಕು ದಿನಕ್ಕೆ ಪುಟ್ಟತಾಯಮ್ಮನ ಆಸ್ಪತ್ರೆಯ ದಿನ ಮತ್ತೆ ಬರುತ್ತದೆ. ನಿಂಗಣ್ಣ ಗಾಡಿ ತೆಗೆದುಕೊಂಡು ಹೋಗುತ್ತಾರೆ, ಬಂದು ಎಣ್ಣೆ ಹುಯ್ಯುತ್ತಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಪೆಟ್ರೋಲ್ ಅಂತ ಬರೆಸು, ಮುಗೀತು," ಎಂದೆ.

"ಬರ್ಸುದ್ ದಿನ್ವೇ ಗೊತ್ತಾಯ್ತದೆ ಕಣಣ್ಣ. ಇವತ್ತು ಗಾಡಿ ಕೆಟ್ಟದೆ, ನಾಳೀಕೆ ಮುಚ್ಚಳದ ಮ್ಯಾಲೆ ಪೆಟ್ರೋಲು ಅಂತ ಬರ್ದದೆ. ಅಷ್ಟೂ ತಿಳೀದೋರಾ ಅವ್ರು?"

"ಗೊತ್ತಾದ್ರೆ ಗೊತ್ತಾಗ್ಲಿ. ನಾವೇನು ಬೈತೀವಾ?"

"ನಾವ್ ಬಯ್ಯಕಿಲ್ಲ. ಅವ್ರೇ ಬೈಕತಾರೆ. ಆಮೇಕೆ ಗಾಡಿ ಕೇಳಕ್ಕೆ ನಮ್ ಬಾಗ್ಲಿಗೆ ಬರಕಿಲ್ಲ. ಪುಟ್ಟತಾಯಕ್ಕನ್ನ ತಿರ್ಗ ಬಸ್ಸಲ್ಲೇ ಕರ್ಕಂಡೋಯ್ತಾರೆ. ಸೂಜಿ ಚುಚ್ಚುಸ್ಕಂಡ ಕೈ ಇಟ್ಕಂಡು ಆ ಯಮ್ಮ ಮಂಡ್ಯದಿಂದ ನಿಂತ್ಕಂಡ್ ಬರ್ಬೇಕಾ?" ಸೌಟು ಕೆಳಗಿಟ್ಟು ಅವಳು ನನ್ನನ್ನೇ ನೋಡಿದಳು. "ನಾನ್ ಗಾಡಿ ಕಲಿಯೋವಾಗ ಗೋಡೆಗೆ ಗುದ್ದಿ ಅವ್ರ ಗಾಡಿ ದೀಪ ಒಡ್ದಾಕಿದ್ದೆ. ನಿಂಗೊತ್ತಾ?"

"ಅದು ನಿಂಗಣ್ಣನೇ ಒಡೆದದ್ದು ಅಂತ ಕೇಳಿದ್ದೆ."

"ಊರೆಲ್ಲ ಅಂಗೇ ಕೇಳಿರಾದು. ಅವ್ರೇ ಅರಳಿಕಟ್ಟೆ ಮ್ಯಾಲೆ ಕೂತ್ಕಂಡು, 'ನಂಗೆ ಕಣ್ ಮಂಜಾಗದೆ ಕಣ್ರಲಾ, ಗುದ್ಬುಟ್ಟೆ' ಅಂದ್ರು. ಎಂಗ್ಸು ಗಾಡಿ ಓಡ್ಸುದ್ರೆ ಇಂಗೇ ಆಗಾದು ಅಂತ ಒಬ್ರು ಅಂದಿದ್ರೂ ನಾನ್ ಸ್ಟೇರಿಂಗ್ ಮುಟ್ತಿರ್ನಿಲ್ಲ. ಈ ಊಟಾನೂ ಇರ್ತಿರ್ನಿಲ್ಲ."

ಅಕ್ಷರ ಬರೆಸುವ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಆಸ್ಪತ್ರೆಯ ದಿನ ಬಂತು. ತಾತ್ಕಾಲಿಕ ಪರಿಹಾರವಾಗಿ ಮುಚ್ಚಳ ಕಾಯುವ ಕೆಲಸ ನನ್ನ ಪಾಲಿಗೆ ಬಿತ್ತು. ಮಂಡ್ಯದಲ್ಲಿ ನನಗೂ ಕೆಲಸವಿದೆ ಎಂದು ಸುಳ್ಳು ಹೇಳಿ, ಮುಂದೆ ಇಬ್ಬರಿಗೇ ಜಾಗವಿದ್ದುದರಿಂದ, ಹಿಂದೆ ಖಾಲಿ ದಬರಿಗಳ ನಡುವೆ ಕೂತೆ. ಹೈವೇಯಲ್ಲಿ ಬೈಕಿನ ಮೇಲೆ ಬಂದ ಹಳೇ ಶಿಷ್ಯನೊಬ್ಬ, "ನಮಸ್ಕಾರ ಸಾರ್!" ಎಂದು ಕೂಗಿ, ಸುತ್ತಲಿನ ಪಾತ್ರೆಗಳನ್ನು ನೋಡಿ, ಮುಂದೇನೂ ಕೇಳದೆ ಹೋದ. ಪಿಂಚಣಿ ಸಾಲದೆ ಮೇಷ್ಟ್ರು ಅಡುಗೆ ಕೆಲಸಕ್ಕೆ ಸೇರಿದ್ದಾರೆಂದು ಮಳವಳ್ಳಿಯಲ್ಲೆಲ್ಲ ಸುದ್ದಿಯಾಗಿರಬೇಕು.

ವಾಪಸು ಬರುವಾಗ ಬೆನ್ನ ಹಿಂದಿನ ಸಣ್ಣ ಗಾಜಿನಿಂದ ಅವರಿಬ್ಬರೂ ಕಾಣುತ್ತಿದ್ದರು. ನಿಂಗಣ್ಣ ಹೆಗಲ ಮೇಲಿನ ಟವಲನ್ನು ಮಡಿಸಿ ಹೆಂಡತಿಯ ಕೈಯಡಿಗೆ ಇಟ್ಟರು. "ಮನಿಕ್ಕೊ. ಊರು ಬಂದಾಗ ಎಬ್ಬುಸ್ತೀನಿ," ಎಂದರು, ಅವರ ಎಂದಿನ ದೊಡ್ಡ ದನಿಯಲ್ಲಿ. ಪುಟ್ಟತಾಯಮ್ಮ ಕಣ್ಣು ಮುಚ್ಚಿ, "ಈ ಗಾಡಿ ವಾಸಿ ಕಣ್ರೀ, ಎತ್ತಾಕಕಿಲ್ಲ," ಎಂದರು. ಅದಾದ ಮೇಲೆ ಊರು ಬರುವವರೆಗೂ ಒಂದು ಗುಂಡಿಗೂ ಬೀಳದಂತೆ ನಿಂಗಣ್ಣ ಗಾಡಿ ತಂದರು.

ಸಂಜೆ ಅವರು ಡಬ್ಬ ಹಿಡಿದು ಬರುವಾಗ ನಾನು ಮುಚ್ಚಳಕ್ಕೆ ಒರಗಿ ನಿಂತಿದ್ದೆ. ಕಳ್ಳತನಕ್ಕೆ ಸಿಕ್ಕಿಬಿದ್ದವರ ಹಾಗೆ ಅವರ ಮುಖ ಸಣ್ಣಗಾಯಿತು. "ಕೊಡಿ ನಿಂಗಣ್ಣ, ನಾನು ಹುಯ್ತೀನಿ," ಎಂದು ಡಬ್ಬ ಕಿತ್ತುಕೊಂಡು, ಗಾಡಿಯ ಮರೆಗೆ ಹೋಗಿ, ಅಷ್ಟೂ ಎಣ್ಣೆಯನ್ನು ಮೊದಲೇ ತಂದಿಟ್ಟಿದ್ದ ಭಾಗ್ಯಳ ಬಚ್ಚಲುಮನೆಯ ಬಕೆಟ್ಟಿಗೆ ಸುರಿದು, ಖಾಲಿ ಡಬ್ಬ ವಾಪಸು ಕೊಟ್ಟೆ. ರಾತ್ರಿ ಆ ಬಕೆಟ್ಟಿನಲ್ಲಿ ನೀರು ಹಿಡಿಯಲು ಹೋದ ಭಾವ ಏನೆಂದನೋ ಅದನ್ನು ಇಲ್ಲಿ ಬರೆಯುವುದು ಬೇಡ.

ಹೀಗೆ ಎಷ್ಟು ದಿನ ಕಾಯಲಾದೀತು? ಉಪಾಯವನ್ನು ಭಾಗ್ಯಳೇ ಕಂಡುಕೊಂಡಳು. ಆ ಮೆಕ್ಯಾನಿಕ್ಕಿಗೆ ಗೊತ್ತಿದ್ದ ಮಳವಳ್ಳಿಯ ಹೂವಿನ ವ್ಯಾಪಾರಿಯೊಬ್ಬರ ಬಳಿ ಸ್ವಲ್ಪ ದೊಡ್ಡದೊಂದು ಡೀಸೆಲ್ ಪಿಕಪ್ಪಿತ್ತು, ಅವರಿಗೆ ಸಣ್ಣ ಪೆಟ್ರೋಲ್ ಗಾಡಿ ಬೇಕಿತ್ತು. ಇಬ್ಬರೂ ಅದಲುಬದಲು ಮಾಡಿಕೊಂಡರು. "ಏನ್ ಭಾಗ್ಯವ್ವ, ಒಸ ಗಾಡೀನೇ ಕೊಟ್ಬುಟ್ಯಂತೆ?" ಎಂದು ನಿಂಗಣ್ಣ ಕೇಳಿದ್ದಕ್ಕೆ, ನನ್ನ ತಂಗಿ ನನ್ನ ಮುಖವನ್ನೇ ನೋಡುತ್ತ, "ನಮ್ಮಣ್ಣನ್ ಲೆಕ್ಕ ತಪ್ಪೋಯ್ತು ಕಣಣ್ಣ. ಸಾಲ್ದೆ ಇರೋ ಗಾಡಿ ಕೊಡ್ಸ್ಬುಟ್ಟಿದ್ದ," ಎಂದಳು. ನಲವತ್ತು ವರ್ಷ ಸಿಕ್ಕಸಿಕ್ಕ ಮಕ್ಕಳಿಗೆಲ್ಲ ಕೂಡುವುದು ಕಳೆಯುವುದು ಕಲಿಸಿದ ನಾನು, ಬೀದಿಯ ಮಧ್ಯೆ ನಿಂತು ಹೌದೆಂದು ತಲೆಯಾಡಿಸಿದೆ. ಊರಲ್ಲಿ ಈಗಲೂ ನನಗೆ ಆ ಹೆಸರಿದೆ. ನನ್ನ ಲೆಕ್ಕ ಸರಿಯಾಗಿಯೇ ಇತ್ತು ಎಂದು ಹೇಳುತ್ತಿರುವುದು ನಿಮಗೆ ಮಾತ್ರ, ದಯವಿಟ್ಟು ಆ ಕಡೆ ಹೋದಾಗ ಬಾಯಿ ಬಿಡಬೇಡಿ.

ಗಾಡಿ ಒಪ್ಪಿಸುವಾಗ ಮೆಕ್ಯಾನಿಕ್ ಒಂದು ಎಚ್ಚರಿಕೆ ಕೊಟ್ಟ. "ಇದ್ನ ಊರು ಕಾರ್ಖಾನೆ ಅಂತ ಅಷ್ಟಷ್ಟೇ ಓಡುಸ್ಬ್ಯಾಡಿ, ಜಾಲರಿ ಕಟ್ಕತದೆ. ವಾರದಲ್ಲಿ ಒಂದೆರಡು ದಿನ ಹೈವೇಲಿ ದೂರ ಓಡ್ಸಿ, ಮಸಿ ತಾನೇ ಸುಟ್ಟೋಯ್ತದೆ." ಭಾಗ್ಯ ನನ್ನ ಕಡೆ ನೋಡಿದಳು. ವಾರದಲ್ಲಿ ಎರಡು ದಿನ, ಹೈವೇಯಲ್ಲಿ, ಮಂಡ್ಯದವರೆಗೆ ಹೋಗಿ ಬರುವವರು ನಮ್ಮಲ್ಲಿ ಇದ್ದೇ ಇದ್ದರಲ್ಲ! ನಿಂಗಣ್ಣ ಓಡಿಸದಿದ್ದರೆ ಆ ಗಾಡಿ ಕೆಡುತ್ತಿತ್ತು. ನಿಂಗಣ್ಣನನ್ನು ಬಿಟ್ಟು ಕೂಡಿದರೆ ಪೆಟ್ರೋಲು ಸರಿ, ಸೇರಿಸಿ ಕೂಡಿದರೆ ಡೀಸೆಲ್ಲೇ ಸರಿ. "ಗಾಡಿ ಅವರಿಗೂ ಕೊಡ್ತೀಯ ಅಂತ ಆವತ್ತೇ ನನಗ್ಯಾಕೆ ಹೇಳಲಿಲ್ಲ?" ಎಂದೆ ಭಾಗ್ಯಳಿಗೆ. "ನೀನು ಕೇಳ್ನಿಲ್ವಲ್ಲ," ಎಂದಳು.

ಈ ಸಲ ಅಟ್ಟ ಗುಡಿಸಿದ ದಿನ ಜಗಳವಾಗಲಿಲ್ಲ. ಅಪ್ಪನ ಆಲಿಕೆಯನ್ನು ಕಾಗದದಲ್ಲಿ ಸುತ್ತಿ ಬಸ್ಸು ಹತ್ತಿದೆ. ನಿಂಗಣ್ಣನ ಬಾಟಲಿ ಕತ್ತು ಸೀಳಿಹೋಗಿ, ಹುಯ್ದ ಎಣ್ಣೆ ಅರ್ಧ ನೆಲದ ಪಾಲಾಗುತ್ತಿತ್ತು. ಸಂಜೆ ಅವರು ಮಂಡ್ಯದಿಂದ ಬಂದು, ಪುಟ್ಟತಾಯಮ್ಮನನ್ನು ಒಳಗೆ ಬಿಟ್ಟು, ಡಬ್ಬ ತಂದರು. ನಾನು ಆಲಿಕೆಯನ್ನು ಟ್ಯಾಂಕಿನ ಬಾಯಿಗಿಟ್ಟು ಹಿಡಿದುಕೊಂಡೆ. ನನ್ನನ್ನು ಕಂಡು ಅವರಿಗೆ ಈಗ ನಾಚಿಕೆಯಿಲ್ಲ, ನಾನೂ ಒಳಗಿನವನಾಗಿಬಿಟ್ಟಿದ್ದೆ. ನಿಧಾನಕ್ಕೆ ಎಣ್ಣೆ ಹುಯ್ಯುತ್ತ ಅವರು ನನ್ನನ್ನು ಸಮಾಧಾನ ಮಾಡಿದರು.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೆ. ಲೆಕ್ಕ ಅಂದ್ಮೇಲೆ ಒಂದೊಂದ್ಸಲ ತಪ್ತದೆ. ಏನೋ ಒಂದು ಬುಟ್ಟೋಗಿರ್ತದೆ."

ಒಂದು ತೊಟ್ಟೂ ಚೆಲ್ಲದಂತೆ ಆಲಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಊಂ ಕಣಣ್ಣ," ಎಂದೆ. "ಬುಟ್ಟೋಗಿತ್ತು."